ರೋಗಿಗಿಂತ ಮೊದಲೇ ಸಿದ್ಧವಾಗುತ್ತಿದ್ದ ಚೀಟಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು ಮತ್ತು ಕೆಲವು ವಿವರ ಬದಲಿಸಲಾಗಿದೆ.)

ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ವೈದ್ಯರು, 37 ವರ್ಷ. ಬೆಳಿಗ್ಗೆ 9ರಿಂದ 1ರವರೆಗೆ ಓಪಿಡಿಯಲ್ಲಿ ಸುಮಾರು 120 ಜನ, ಅಂದರೆ ತಲೆಗೆ 2 ನಿಮಿಷ. "ರೋಗಿ ಬಾಗಿಲಲ್ಲಿ ಕಂಡ ಕೂಡಲೇ ಕೈ ಚೀಟಿ ಬರೆಯೋಕೆ ಶುರು ಮಾಡುತ್ತೆ. ಓದುವಾಗ ಒಂದು ಕೇಸ್ ಸಿಕ್ಕರೆ ರಾತ್ರಿಯೆಲ್ಲ ಪುಸ್ತಕ ತಿರುವುತ್ತಿದ್ದೆ. ಈಗ ಏನೂ ಕೇಳಬೇಕು ಅನ್ನಿಸಲ್ಲ," ಎಂದರು.

ಮೊದಲು ನೋಡಬೇಕಾದ್ದು ಖಿನ್ನತೆ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 7 ಬಂತು. 10 ಅಥವಾ ಅದಕ್ಕಿಂತ ಹೆಚ್ಚು ಬಂದಿದ್ದರೆ ಮನೋವೈದ್ಯರಲ್ಲಿಗೆ ಕಳಿಸಬೇಕಿತ್ತು. ಇಲ್ಲಿದ್ದದ್ದು ದಣಿವು. ನೈಟ್ ಡ್ಯೂಟಿ ಮುಗಿಸಿ ಅದೇ ಬೆಳಿಗ್ಗೆ ಓಪಿಡಿಗೆ ಕೂರುವುದು ವಾರಕ್ಕೆ ಎರಡು ಸಲ ನಡೆಯುತ್ತಿತ್ತು. ನಿದ್ದೆಗೆಟ್ಟ ತಲೆಯಲ್ಲಿ ಕುತೂಹಲ ಹುಟ್ಟುವುದಿಲ್ಲ, ಹಾಗಾಗಿ ಮೊದಲ ಸಲಹೆ ಡ್ಯೂಟಿ ಪಟ್ಟಿಯದು. ಎರಡರಲ್ಲಿ ಒಂದನ್ನು ತಪ್ಪಿಸಲು ಸಾಧ್ಯವಾಯಿತು.

120 ಜನರಲ್ಲೂ ಆಸಕ್ತಿ ತೋರಿಸಿ ಎನ್ನುವುದು ಕ್ರೂರ ಸಲಹೆ. ದಿನಕ್ಕೆ ಇಬ್ಬರು ಸಾಕು, ಅದೂ ಒಂದೇ ದೂರಿಗೆ ಮೂರನೇ ಸಲ ಬಂದವರು. ಅಲ್ಲಿ ಮೊದಲ ಊಹೆ ಆಗಲೇ ಸೋತಿರುತ್ತದೆ. ಅವರು ಮಾತು ಮುಗಿಸುವವರೆಗೆ ಬಾಯಿ ಹಾಕಬಾರದು. ಬಿಟ್ಟರೆ ನಿಲ್ಲಿಸುವುದೇ ಇಲ್ಲ ಎಂಬ ಭಯ ಡಾಕ್ಟರಿಗಿತ್ತು. 1984ರ ಅಮೆರಿಕದ ಅಧ್ಯಯನದಲ್ಲಿ ವೈದ್ಯರು ಸರಾಸರಿ 18 ಸೆಕೆಂಡಿಗೇ ಮಾತು ತಡೆದಿದ್ದರು. 2002ರ ಸ್ವಿಟ್ಜರ್ಲೆಂಡಿನ ಅಧ್ಯಯನದಲ್ಲಿ ತಡೆಯದೆ ಬಿಟ್ಟಾಗ ರೋಗಿಗಳು ಸರಾಸರಿ 92 ಸೆಕೆಂಡಿನಲ್ಲಿ ತಾವೇ ಮುಗಿಸಿದರು. ಆಮೇಲೆ, ಉತ್ತರ ನಿಜಕ್ಕೂ ಗೊತ್ತಿಲ್ಲದ ಒಂದು ಪ್ರಶ್ನೆ. "ಎಷ್ಟು ದಿನದಿಂದ?" ಎನ್ನುವುದು ಲೆಕ್ಕಕ್ಕಿಲ್ಲ. ಹೆಸರಿಲ್ಲದೆ ಒಂದು ಸಾಲು ನೋಟ್‌ಬುಕ್ಕಿಗೆ.

ಮೊದಲ ವಾರ ಕೆಟ್ಟಿತು. ಇಬ್ಬರನ್ನೂ ಹತ್ತು ಗಂಟೆಯ ನೂಕುನುಗ್ಗಲಲ್ಲೇ ಆರಿಸಿಕೊಂಡರು, ಸಾಲು ನಿಂತಿತು, ಸಿಸ್ಟರ್ ಸಿಟ್ಟಾದರು. ಬಸ್ಸಿನ ಸಮಯ ಕೇಳಿಕೊಂಡು ಆ ಇಬ್ಬರನ್ನು 12:30ರ ನಂತರಕ್ಕೆ ಕೂರಿಸುವುದೆಂದಾಯಿತು. ಇನ್ನೊಂದು ಎಡವಟ್ಟು ದೊಡ್ಡದು: ತಲೆನೋವಿಗೆ ಬಂದ ಹೆಣ್ಣುಮಗಳಿಗೆ ತವರಲ್ಲೇ ಯಾಕಿದ್ದೀರಿ ಎಂದು ಕೇಳಿಬಿಟ್ಟರು, ಆಕೆ ಮೌನವಾದರು. ಉತ್ತರದಿಂದ ಚಿಕಿತ್ಸೆ ಬದಲಾಗುತ್ತದೆಯೇ, ರೋಗಿಗೆ ಹೇಳಲು ಮನಸ್ಸಿದೆಯೇ, ಎರಡನ್ನೂ ನೋಡಬೇಕು. ಇಲ್ಲವಾದರೆ ಆ ಪ್ರಶ್ನೆ ನುಂಗಿಕೊಳ್ಳಬೇಕು.

ಮೂರನೇ ವಾರ, ಸೊಂಟನೋವಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಇಂಜೆಕ್ಷನ್ ತೆಗೆದುಕೊಂಡು ಹೋಗುತ್ತಿದ್ದ ಅಜ್ಜಿ. ಮಂಡಿ ಮಡಿಸದೆ ನೆಲದ ನಾಣ್ಯ ಎತ್ತಲಾಗಲಿಲ್ಲ, ಗಲ್ಲ ಎದೆಗೆ ತಾಗಲಿಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್ ಮೂಳೆಗೆ ಇಳಿದಿರುವ ಗುಮಾನಿಗೆ ಇಷ್ಟು ಸಾಕು.

"ನೀರು ಎಲ್ಲಿಂದ ತರ್ತೀಯಜ್ಜಿ?"

"ಕುಡಿಯಾಕೆ ಫಿಲ್ಟರ್ ನೀರು ಸಾಮಿ. ಮುದ್ದೆ, ಸಾರಿಗೆಲ್ಲ ಬೋರಿಂದೇ."

ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಕುಡಿಯುವ ನೀರಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಗುಮಾನಿ ಖಚಿತಪಡಿಸಿಕೊಳ್ಳಲು ಮುಂಗೈ ಎಕ್ಸ್‌ರೇ ಬರೆದು, ಅಡಿಗೆಗೂ ಫಿಲ್ಟರ್ ನೀರನ್ನೇ ಬಳಸಲು ಹೇಳಿದರು. ಬಿಗಿದ ಬೆನ್ನು ಇದರಿಂದ ಸಡಿಲವಾಗುವ ಭರವಸೆ ಕಡಿಮೆ, ಅದನ್ನೂ ಮುಚ್ಚಿಡಲಿಲ್ಲ.

ಆರನೇ ಭೇಟಿಗೆ ನೋಟ್‌ಬುಕ್ ತಂದಿದ್ದರು. ಕೊನೆಯ ಸಾಲು: "ಆ ಊರಿನ ಶಾಲೆಯ ಬಿಸಿಯೂಟಕ್ಕೆ ಯಾವ ನೀರು?" ಇದನ್ನು ಭಾನುವಾರದ ರಜೆಗೆ ಉಳಿಸಿಕೊಳ್ಳಬೇಡಿ, ಡ್ಯೂಟಿ ಹೊತ್ತಿನಲ್ಲೇ ಆರೋಗ್ಯ ನಿರೀಕ್ಷಕರಿಗೆ ಹೇಳಿ ನೀರಿನ ಮಾದರಿ ಪರೀಕ್ಷೆಗೆ ಕಳಿಸಿ ಎಂದು ತಿಳಿಸಲಾಯಿತು.