ಹೊಳಪಿನ ಬಣ್ಣಕ್ಕೆ ಯಾವ ಸ್ಯಾಂಡರ್? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ನನ್ನದೊಂದು ಸಣ್ಣ ಬಡಗಿ ವರ್ಕ್‌ಶಾಪ್ ಇದೆ. ಅಡುಗೆಮನೆಯ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಶಟರ್‌ಗಳಿಗೆ ಪಿಯು (ಪಾಲಿಯುರೆಥೇನ್) ಹೊಳಪಿನ ಬಣ್ಣ ಹೊಡೆದು ಕೊಡುತ್ತೇವೆ. ಇಷ್ಟು ದಿನ ಪಾಲಿಶ್ ಪೇಪರನ್ನು ಕೈಯಿಂದಲೇ ತಿಕ್ಕುತ್ತಿದ್ದೆವು, ಈಗ ಯಂತ್ರ ಕೊಳ್ಳುವ ವಿಚಾರವಿದೆ. ಹೆಚ್ಚು ವ್ಯಾಟ್ ಇರುವುದನ್ನೇ ತೆಗೆದುಕೊಳ್ಳಿ ಎಂದು ಒಬ್ಬರು, ಇರುವ ಗ್ರೈಂಡರಿಗೇ ವೆಲ್ಕ್ರೊ ಪ್ಯಾಡ್ ಹಾಕಿಕೊಳ್ಳಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಗ್ರೈಂಡರಿನ ಮಾತನ್ನು ಮೊದಲು ಬಿಟ್ಟುಬಿಡಿ. ನಾಲ್ಕು ಇಂಚಿನ ಗ್ರೈಂಡರಿನ ತಟ್ಟೆ ನಿಮಿಷಕ್ಕೆ ಸುಮಾರು 11,000 ಸುತ್ತು ಒಂದೇ ದಿಕ್ಕಿನಲ್ಲಿ ತಿರುಗುತ್ತದೆ. ಬಣ್ಣದ ಮೇಲೆ ಅದನ್ನು ಇಟ್ಟರೆ ಪ್ರೈಮರ್ (ಬಣ್ಣದಡಿಯ ಮೊದಲ ಪದರ) ಬಿಸಿಯಾಗಿ ಮೆತ್ತಗಾಗುತ್ತದೆ, ಅಂಚಿನಲ್ಲಿ ಎಂಡಿಎಫ್‌ವರೆಗೂ ಕೊರೆದುಹೋಗುತ್ತದೆ. ನಿಮಗೆ ಬೇಕಾದುದು ಪೇಪರ್ ಕೂರಿಸಿ ತಿಕ್ಕುವ ಯಂತ್ರ, ಅಂದರೆ ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರ್. ಇದರ ಮೇಲೂ 12,000 ಎಂದು ಬರೆದಿರುತ್ತದೆಯಾದರೂ ಅದು ಪ್ಯಾಡ್ ಸಣ್ಣ ವೃತ್ತದಲ್ಲಿ ಅಲುಗುವ ಲೆಕ್ಕ; ಪ್ಯಾಡ್ ತನ್ನ ಸುತ್ತ ತಾನು ತಿರುಗುವುದು ಬಹಳ ನಿಧಾನ. ಈ ಎರಡು ಚಲನೆಗಳು ಕೂಡುವುದರಿಂದ ಪೇಪರಿನ ಒಂದೇ ಕಣ ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ಹೋಗುವುದಿಲ್ಲ, ಗೀರುಗಳು ಚದುರಿ ಕಣ್ಣಿಗೆ ಕಾಣದಷ್ಟು ತೆಳುವಾಗುತ್ತವೆ.

ವ್ಯಾಟ್ ನೋಡಿ ಆರಿಸುವುದೂ ಬೇಡ. 125 ಮಿ.ಮೀ. ಪ್ಯಾಡಿಗೆ 250ರಿಂದ 300 ವ್ಯಾಟ್ ಧಾರಾಳವಾಗಿ ಸಾಕು. ಕ್ಯಾಟಲಾಗಿನಲ್ಲಿ ನೀವು ಹುಡುಕಬೇಕಾದ ಅಂಕಿ ಆರ್ಬಿಟ್, ಅಂದರೆ ಪ್ಯಾಡ್ ಅಲುಗುವ ವೃತ್ತದ ವ್ಯಾಸ. 5 ಮಿ.ಮೀ. ಆರ್ಬಿಟ್‌ನ ಯಂತ್ರ ಬಣ್ಣ ಹಚ್ಚದ ಕಟ್ಟಿಗೆಯನ್ನೂ ಹಳೆಯ ಬಣ್ಣವನ್ನೂ ಬೇಗ ತೆಗೆಯುತ್ತದೆ, ಆದರೆ ಅದು ಬಿಡುವ ಗುರುತು ದೊಡ್ಡದು. ಕನ್ನಡಿಯಂತಹ ಹೊಳಪು ಬೇಕಾದಲ್ಲಿ 2.5ರಿಂದ 3 ಮಿ.ಮೀ. ಇರುವುದನ್ನೇ ಕೊಳ್ಳಬೇಕು. ಇಲ್ಲೊಂದು ಎಚ್ಚರಿಕೆ: ಕೆಲವು ತಯಾರಕರು ವ್ಯಾಸದ ಬದಲು ತ್ರಿಜ್ಯವನ್ನು ಮುದ್ರಿಸುತ್ತಾರೆ, 1.25 ಎಂದು ಕಂಡರೆ ಅದು ಹೆಚ್ಚುಕಡಿಮೆ 2.5ರ ಯಂತ್ರವೇ. ವೇಗವನ್ನು ಹೆಚ್ಚು ಕಡಿಮೆ ಮಾಡುವ ಚಕ್ರ ಇರಲೇಬೇಕು, ಏಕೆಂದರೆ ಬಣ್ಣದ ಮೇಲೆ ಪೂರ್ತಿ ವೇಗ ಎಂದೂ ಬೇಡ. ತೂಕ ಒಂದೂವರೆ ಕಿಲೋ ದಾಟದಿದ್ದರೆ ನಿಂತಿರುವ ಶಟರಿನ ಮೇಲೂ ಕೈ ಸೋಲುವುದಿಲ್ಲ. ದೊಡ್ಡ ವಾರ್ಡ್‌ರೋಬ್ ಬಾಗಿಲುಗಳೇ ಹೆಚ್ಚಾಗಿದ್ದರೆ 150 ಮಿ.ಮೀ. ಪ್ಯಾಡಿನದು ಒಳ್ಳೆಯದು; ಅಡುಗೆಮನೆಯ ಡ್ರಾಯರ್ ಮುಖಗಳಿಗೆ ಅದು ಅಗಲವಾಗಿ ಅಂಚಿನಿಂದ ಹೊರಗೆ ಜೋಲುತ್ತದೆ.

ಯಂತ್ರದ ಜೊತೆ ಬರುವ ಪ್ಯಾಡ್ ಸಾಮಾನ್ಯವಾಗಿ ಮಧ್ಯಮ ಗಡಸಿನದು. ಸಪಾಟಾದ ಪ್ರೈಮರ್ ತಿಕ್ಕಲು ಅದೇ ಸರಿ, ಏಕೆಂದರೆ ಮೆತ್ತನೆಯ ಪ್ಯಾಡ್ ತಗ್ಗಿನಲ್ಲೂ ಇಳಿದು ಅಲೆಯನ್ನು ಹಾಗೆಯೇ ಉಳಿಸುತ್ತದೆ. ಬಣ್ಣದ ಪದರಗಳ ನಡುವೆ ಮತ್ತು ದುಂಡಗಿನ ಅಂಚುಗಳ ಮೇಲೆ ಮಾತ್ರ ಪ್ಯಾಡಿಗೂ ಪೇಪರಿಗೂ ನಡುವೆ 10 ಮಿ.ಮೀ. ದಪ್ಪದ ಸ್ಪಂಜಿನ ಇಂಟರ್‌ಫೇಸ್ ಪ್ಯಾಡ್ ಸೇರಿಸಿಕೊಳ್ಳಿ. ಎಂಡಿಎಫ್ ಅಂಚನ್ನು ಬಣ್ಣಕ್ಕೆ ಮುಂಚೆಯೇ 2 ಮಿ.ಮೀ.ನಷ್ಟು ದುಂಡಗೆ ಮಾಡಿರಿ. ಚೂಪಾದ ಅಂಚಿನಲ್ಲಿ ಬಣ್ಣ ನಿಲ್ಲುವುದಿಲ್ಲ, ಅಲ್ಲಿ ಯಾವ ಸ್ಯಾಂಡರ್ ತಾಗಿದರೂ ಒಳಗಿನ ಕಂದು ಬಣ್ಣ ಇಣುಕುತ್ತದೆ.

ಬೆಲೆಯಲ್ಲಿ ಉಳಿಸಿದ ಹಣವನ್ನು ಧೂಳೆಳೆಯುವ ವ್ಯಾಕ್ಯೂಮ್‌ಗೆ ಹಾಕಿ ಎಂಬುದು ನನ್ನ ಖಚಿತ ಅಭಿಪ್ರಾಯ. ಯಂತ್ರದ ಹಿಂದೆ ನೇತಾಡುವ ಬಟ್ಟೆಯ ಚೀಲ ಪ್ರೈಮರಿನ ಸಣ್ಣ ಧೂಳನ್ನು ಪೂರ್ತಿ ಹಿಡಿಯುವುದಿಲ್ಲ. ಉಳಿದ ಧೂಳು ಪೇಪರಿನಡಿ ಗಂಟುಗಟ್ಟಿ, ಬಣ್ಣದ ಮೇಲೆ ಚಕ್ಕುಲಿಯಂತಹ ಸಣ್ಣ ಸುರುಳಿ ಗೀರುಗಳನ್ನು ಬಿಡುತ್ತದೆ. ಮ್ಯಾಟ್ ಬಣ್ಣದಲ್ಲಿ ಅವು ಮುಚ್ಚಿಹೋಗುತ್ತವೆ. ಹೊಳಪಿನ ಬಣ್ಣದಲ್ಲಿ, ಅದರಲ್ಲೂ ಕಪ್ಪು ಮತ್ತು ಗಾಢ ಕೆಂಪಿನಲ್ಲಿ, ಗಿರಾಕಿಯ ಮನೆಯ ದೀಪ ಹತ್ತಿದ ಮರುಕ್ಷಣ ಎದ್ದು ಕಾಣುತ್ತವೆ. ಧೂಳು ಒಳಹೋಗುವ ಪೇಪರಿನ ತೂತುಗಳು ಪ್ಯಾಡಿನ ತೂತುಗಳ ಮೇಲೆ ಸರಿಯಾಗಿ ಕೂತಿವೆಯೇ ಎಂದು ಪ್ರತಿಸಲ ನೋಡಿ. ಪೇಪರೂ ಧೂಳು ಅಂಟದಂತೆ ಸ್ಟಿಯರೇಟ್ ಲೇಪಿಸಿದ ಬಿಳಿಯ ಬಗೆಯದಾಗಿರಲಿ.

ಪೇಪರಿನ ಅಂಕಿ (ಹೆಚ್ಚಿದಷ್ಟೂ ಕಣ ಸಣ್ಣದು) ಹೀಗಿರಲಿ: ಪ್ರೈಮರಿಗೆ 240, ಅದರ ಮೇಲೆ 320, ಕೊನೆಯ ಪದರಕ್ಕೆ ಮುನ್ನ 400. ನಡುವೆ ಒಂದನ್ನೂ ಹಾರಿಸಬೇಡಿ. ಅಂಕಿಗೆ ಮೊದಲು ಪಿ ಅಕ್ಷರವಿದೆಯೇ ಗಮನಿಸಿ. ಪಿ ಇಲ್ಲದ ಅಮೆರಿಕದ ಅಳತೆಯ 600, ಪಿ1200ಕ್ಕೆ ಹತ್ತಿರವಾಗುತ್ತದೆ. ಎರಡನ್ನೂ ಬೆರೆಸಿ ಬಳಸಿದರೆ ಲೆಕ್ಕ ತಪ್ಪುತ್ತದೆ. ಶಟರಿನ ಒಂದು ಬದಿಯಲ್ಲಿ ಟ್ಯೂಬ್‌ಲೈಟನ್ನು ಮೇಜಿನ ಮಟ್ಟಕ್ಕೆ ಇಳಿಸಿ ಹಚ್ಚಿಡಿ, ಪ್ರೈಮರಿನ ಮೇಲೆ ಕಪ್ಪು ಬಣ್ಣವನ್ನು ತೀರಾ ತೆಳುವಾಗಿ ಸಿಂಪಡಿಸಿ. ತಿಕ್ಕುತ್ತಾ ಹೋದಂತೆ ಕಪ್ಪು ಚುಕ್ಕೆ ಉಳಿದಲ್ಲೆಲ್ಲ ತಗ್ಗಿದೆ ಎಂದು ತಿಳಿಯುತ್ತದೆ. ಯಂತ್ರವನ್ನು ಮೇಲ್ಮೈಗೆ ತಾಗಿಸಿದ ನಂತರ ಸ್ವಿಚ್ ಹಾಕಿ, ಅದರ ಸ್ವಂತ ಭಾರವನ್ನಷ್ಟೇ ಬಿಡಿ. ಒತ್ತಿದರೆ ಪ್ಯಾಡ್ ತಿರುಗುವುದು ನಿಂತು ಬರೀ ಅಲುಗಾಟ ಉಳಿಯುತ್ತದೆ, ಸುರುಳಿ ಗೀರು ಹೆಚ್ಚುತ್ತದೆ.

ಪ್ರಶ್ನೆ: ಗದಗದ ಗಾಳಿಗೆ ಎಷ್ಟೇ ಪರದೆ ಕಟ್ಟಿದರೂ ಕೊನೆಯ ಪದರದಲ್ಲಿ ಧೂಳಿನ ಕಾಳು ಕೂರುತ್ತದೆ. ಅದನ್ನು ವಿದ್ಯುತ್ ಸ್ಯಾಂಡರಿನಿಂದ, ನೀರು ಹಾಕಿ ತೆಗೆಯಬಹುದೇ?
– ಒಬ್ಬ ಓದುಗರು, ಗದಗ

ಉತ್ತರ: ವಿದ್ಯುತ್ ಸ್ಯಾಂಡರಿನೊಂದಿಗೆ ನೀರು ಖಂಡಿತ ಬೇಡ, ಶಾಕ್ ಹೊಡೆಯುವ ಅಪಾಯವಿದೆ. ನೀರಿಗೆ ಹೊಂದುವುದು ಗಾಳಿಯಿಂದ ನಡೆಯುವ ಸ್ಯಾಂಡರ್, ಆದರೆ ಅದಕ್ಕೆ ನಿಮಿಷಕ್ಕೆ 10 ಘನ ಅಡಿಗೂ ಮೇಲ್ಪಟ್ಟ ಗಾಳಿ ಬೇಕು; ಒಂದು ಎಚ್‌ಪಿಯ ಕಂಪ್ರೆಸರ್ ಎರಡು ನಿಮಿಷಕ್ಕೇ ಏದುಸಿರು ಬಿಡುತ್ತದೆ. ಹತ್ತಿಪ್ಪತ್ತು ಕಾಳುಗಳಿಗಾಗಿ ಅಷ್ಟು ಖರ್ಚು ಏಕೆ? ತಯಾರಕರು ಹೇಳಿದಷ್ಟು ದಿನ ಬಣ್ಣವನ್ನು ಗಟ್ಟಿಯಾಗಲು ಬಿಟ್ಟು, ಸಣ್ಣ ರಬ್ಬರ್ ತುಂಡಿಗೆ 1500ರ ವಾಟರ್ ಪೇಪರ್ ಸುತ್ತಿ, ಸಾಬೂನು ನೀರಿನಲ್ಲಿ ಕಾಳಿನ ತಲೆಯನ್ನಷ್ಟೇ ತಿಕ್ಕಿರಿ. ಬಳಿಕ 2000 ಹಾಕಿ, ಆಮೇಲೆ ಕಂಪೌಂಡ್ (ಹೊಳಪು ತರುವ ಲೇಪ) ಹಚ್ಚಿ ಬಫಿಂಗ್ ಮಾಡಿ, ಅಂದರೆ ಮೆತ್ತನೆಯ ಪ್ಯಾಡಿನಿಂದ ಉಜ್ಜಿ. ಪಿ320 ಪೇಪರಿನ ಕಣ ಸುಮಾರು 46 ಮೈಕ್ರಾನ್, ಪಿ2000ದ್ದು ಸುಮಾರು 10. ಪಿ2000 ಬಿಡುವಂತಹ ಸಣ್ಣ ಗೀರನ್ನು ಮಾತ್ರ ಕಂಪೌಂಡ್ ಅಳಿಸಬಲ್ಲದು. ಎಂಡಿಎಫ್‌ನ ಹಿಂಬದಿಗೂ ಕೊರೆದ ತೂತುಗಳಿಗೂ ನೀರು ಇಳಿಯದಂತೆ ನೋಡಿಕೊಳ್ಳಿ, ಅದು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ.

ಪ್ರಶ್ನೆ: ಹಾವೇರಿಯ ನಮ್ಮ ಹಳೆಯ ಮನೆಯ ಸಾಗವಾನಿ ಬಾಗಿಲಿಗೆ ನಾಲ್ಕೈದು ಸಲ ಎನಾಮೆಲ್ ಹೊಡೆದಿದ್ದಾರೆ. ಸ್ಯಾಂಡರಿನಿಂದ ಎಲ್ಲ ತೆಗೆದು ಹೊಸ ಹೊಳಪಿನ ಬಣ್ಣ ಕೊಡಬಹುದೇ?
– ಒಬ್ಬ ಓದುಗರು, ಹಾವೇರಿ

ಉತ್ತರ: ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷ ಭಾಗಕ್ಕೆ 90 ಭಾಗ, ಅಂದರೆ 90 ಪಿಪಿಎಮ್‌ಗೆ ಮಿತಿಗೊಳಿಸಿದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಳೆಯ ಬಣ್ಣದಲ್ಲಿ ಸೀಸವಿದೆ ಎಂದೇ ಭಾವಿಸಿ, ಒಣಗಿದ್ದಾಗ ಯಂತ್ರದಿಂದ ಅದನ್ನು ಪುಡಿ ಮಾಡಬೇಡಿ. ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಪದರವನ್ನು ಕೆರೆದು, ಕೆರೆದದ್ದನ್ನು ಚೀಲದಲ್ಲಿ ಕಟ್ಟಿಡಿ. ಮಕ್ಕಳನ್ನೂ ಬಸುರಿಯರನ್ನೂ ಆ ಕೋಣೆಯಿಂದ ದೂರವಿಡಿ. ಕಟ್ಟಿಗೆ ಸ್ವಚ್ಛವಾಗಿ ಕಂಡ ನಂತರ ಸಪಾಟಾದ ಹಲಗೆಗಳಿಗೆ ಸ್ಯಾಂಡರ್ ಬಳಸಬಹುದು. ಕೆತ್ತನೆಯ ಭಾಗಕ್ಕೆ ಯಂತ್ರವನ್ನು ತಾಗಿಸಲೇಬೇಡಿ, ಅಲ್ಲಿ ಮಡಚಿದ 220ರ ಪೇಪರೂ ನಿಮ್ಮ ಬೆರಳೂ ಸಾಕು.