ಅಭ್ಯರ್ಥಿಯ ಮನೆಯ ವಿಚಾರ ಮತದಾರನಿಗೆ ಬೇಕೇ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ನಿವೃತ್ತ ಶಿಕ್ಷಕಿ. ಚುನಾವಣೆ ಬಂತೆಂದರೆ ನಮ್ಮೂರಿನಲ್ಲಿ ಅಭ್ಯರ್ಥಿಗಳ ಕೆಲಸಕ್ಕಿಂತ ಅವರ ಮನೆಯ ಸಂಗತಿಗಳೇ ಹೆಚ್ಚು ಚರ್ಚೆಯಾಗುತ್ತವೆ. ಒಬ್ಬರು ಹೆಂಡತಿಯಿಂದ ಬೇರೆಯಾಗಿದ್ದಾರೆ, ಇನ್ನೊಬ್ಬರಿಗೆ ಅಣ್ಣತಮ್ಮಂದಿರೊಡನೆ ಮಾತಿಲ್ಲ, ಮತ್ತೊಬ್ಬರ ಮಗಳು ಬೇರೆ ಜಾತಿಯವರನ್ನು ಮದುವೆಯಾಗಿದ್ದಾಳೆ, ಹೀಗೆ. 'ಮನೆ ಗೆದ್ದು ಮಾರು ಗೆಲ್ಲು' ಎಂದು ಹಿರಿಯರೇ ಹೇಳಿಲ್ಲವೇ ಎಂದು ಕೇಳುತ್ತಾರೆ. ಮತ ಹಾಕುವಾಗ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸರಿಯೇ?

ಉತ್ತರ: ನೀವು ಹೇಳಿದ ಮೂರು ಸಂಗತಿಗಳಲ್ಲಿ ಒಂದೂ ಮತದಾರನಿಗೆ ಸಂಬಂಧಿಸಿದ್ದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಸಂಸಾರ ಏಕೆ ಮುರಿಯಿತು ಎಂಬುದು ಪಕ್ಕದ ಮನೆಯವರಿಗೇ ಸರಿಯಾಗಿ ತಿಳಿಯದಿರುವಾಗ, ಒಂದೂವರೆ ಎರಡು ಲಕ್ಷ ಮತದಾರರಿಗೆ ತಿಳಿಯುವುದು ಹೇಗೆ? ಮಗಳ ಮದುವೆಯಂತೂ ಮಗಳದೇ ನಿರ್ಧಾರ. ಅದಕ್ಕಾಗಿ ತಂದೆಯನ್ನು ಸೋಲಿಸಬೇಕೆನ್ನುವವರು ಕುಟುಂಬದ ಹೆಸರಿನಲ್ಲಿ ಜಾತಿಯನ್ನೇ ತೂಗುತ್ತಿದ್ದಾರೆ. ಆದರೆ ಮನೆಯೊಳಗೆ ಹೊಡೆತ, ಕಿರುಕುಳ ನಡೆದು ಪ್ರಕರಣ ದಾಖಲಾಗಿದ್ದರೆ ಅದು ಮನೆಯ ವಿಚಾರವಾಗಿ ಉಳಿಯುವುದಿಲ್ಲ. ಬಾಕಿ ಇರುವ ಕ್ರಿಮಿನಲ್ ಪ್ರಕರಣಗಳನ್ನು ಅಭ್ಯರ್ಥಿ ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಬರೆಯಲೇಬೇಕು, ನಾವು ಅದನ್ನು ಓದಲೇಬೇಕು.

ಅಣ್ಣತಮ್ಮಂದಿರ ವಿಚಾರಕ್ಕೆ ನಿಮ್ಮ ಜಿಲ್ಲೆಯ ಸೊರಬಕ್ಕಿಂತ ಉತ್ತಮ ನಿದರ್ಶನ ಸಿಗಲಾರದು. ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪನವರ ಮಕ್ಕಳಾದ ಕುಮಾರ್ ಮತ್ತು ಮಧು ಬಂಗಾರಪ್ಪ ಅಲ್ಲಿ ಪರಸ್ಪರ ಎದುರಾಳಿಗಳಾಗಿ ನಿಂತರು. 2004ರಲ್ಲಿ ಕುಮಾರ್ ಗೆದ್ದರು, 2008ರಲ್ಲಿ ಇಬ್ಬರೂ ಸೋತು ಹರತಾಳು ಹಾಲಪ್ಪ ಗೆದ್ದರು, 2013ರಲ್ಲಿ ಮಧು, 2018ರಲ್ಲಿ ಮತ್ತೆ ಕುಮಾರ್, 2023ರಲ್ಲಿ ಮತ್ತೆ ಮಧು. ಮನೆಯ ಒಡಕು ಇಬ್ಬರಿಗೂ ಸಮಾನವಾಗಿದ್ದುದರಿಂದ ಅದನ್ನು ನೋಡಿ ಒಬ್ಬರನ್ನು ಆರಿಸುವುದಕ್ಕೆ ಸಾಧ್ಯವೇ ಇರಲಿಲ್ಲ. ಪಕ್ಷ, ಕಾಲ, ಕೆಲಸ ಇವುಗಳನ್ನೇ ನೋಡಿ ಆ ಕ್ಷೇತ್ರದ ಜನ ಪ್ರತಿ ಸಲವೂ ಹೊಸದಾಗಿ ತೀರ್ಮಾನಿಸಬೇಕಾಯಿತು.

2019ರ ಮಂಡ್ಯ ಲೋಕಸಭಾ ಚುನಾವಣೆಯನ್ನೂ ನೆನಪಿಸಿಕೊಳ್ಳಿ. ಅಂಬರೀಶ್ ಅವರು ತೀರಿಕೊಂಡದ್ದು 2018ರ ನವೆಂಬರ್‌ನಲ್ಲಿ. ಗಂಡ ಸತ್ತು ಕೆಲವೇ ತಿಂಗಳಾಗಿರುವಾಗ ಸುಮಲತಾ ಅವರು ಚುನಾವಣೆಗೆ ಬರಬೇಕಿತ್ತೇ ಎಂಬ ಮಾತು ಎದುರು ಪಾಳಯದಿಂದ ಬಂತು. ಹೆಂಡತಿ ತೀರಿಕೊಂಡ ಗಂಡಸಿಗೆ ಈ ಪ್ರಶ್ನೆಯನ್ನು ನಾವು ಕೇಳುವುದಿಲ್ಲವಲ್ಲ ಎಂದು ಆಗ ನನಗೆ ಬಹಳ ನೋವಾಗಿತ್ತು. ಪಕ್ಷೇತರರಾಗಿ ನಿಂತ ಅವರು 1,25,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಆದರೆ ಆ ಕಣದಲ್ಲಿ ಒಬ್ಬರು ಅಗಲಿದ ಪತಿಯ ಹೆಸರಿನಲ್ಲಿ ಮತ ಕೇಳಿದರು, ಇನ್ನೊಬ್ಬರು ಅಂದಿನ ಮುಖ್ಯಮಂತ್ರಿಯ ಮಗ ಎಂಬುದನ್ನೂ ಮರೆಯಬಾರದು. ಕುಟುಂಬವನ್ನು ತೋರಿಸಿ ಮತ ಕೇಳುವುದನ್ನು ನಾವು ಒಪ್ಪಿಕೊಂಡು ಬಂದಿರುವುದರಿಂದಲೇ ಕುಟುಂಬವನ್ನು ತೋರಿಸಿ ಹಳಿಯುವುದಕ್ಕೂ ಎದುರಾಳಿಗಳಿಗೆ ದಾರಿ ಸಿಗುತ್ತದೆ.

ಈ ವಿಚಾರದಲ್ಲಿ ನಮ್ಮ ಚುನಾವಣಾ ನಿಯಮಗಳು ನಮ್ಮ ಹರಟೆಕಟ್ಟೆಗಳಿಗಿಂತ ಹೆಚ್ಚು ವಿವೇಕದಿಂದ ನಡೆದುಕೊಂಡಿವೆ. ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ ಖಾಸಗಿ ಬದುಕನ್ನು ಟೀಕಿಸಬಾರದೆಂದು ಮಾದರಿ ನೀತಿ ಸಂಹಿತೆ ಹೇಳುತ್ತದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(4)ನೇ ಕಲಮಿನ ಪ್ರಕಾರ, ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳೆಂದು ತಿಳಿದೂ ಪ್ರಚಾರ ಮಾಡಿ ಅವರ ಗೆಲುವಿಗೆ ಅಡ್ಡಿಪಡಿಸುವುದು ಭ್ರಷ್ಟ ಆಚರಣೆ. ಅದೇ ಕಾಲಕ್ಕೆ, 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳ ನಂತರ ಅಭ್ಯರ್ಥಿಯು ತನ್ನ ಆಸ್ತಿ ಮತ್ತು ಸಾಲಗಳ ಜೊತೆಗೆ ಪತಿ ಅಥವಾ ಪತ್ನಿ ಹಾಗೂ ಅವಲಂಬಿತರ ಆಸ್ತಿ, ಸಾಲಗಳನ್ನೂ ಘೋಷಿಸಬೇಕಾಗಿದೆ; 2018ರ ತೀರ್ಪೊಂದರ ಪ್ರಕಾರ ಅವರ ಆದಾಯದ ಮೂಲವನ್ನೂ ಹೇಳಬೇಕು.

ಈ ವಿವರಗಳೆಲ್ಲ ಇರುವುದು ನಮೂನೆ 26 ಎಂಬ ಆ ಪ್ರಮಾಣಪತ್ರದಲ್ಲಿ. ಹಿಂದೊಮ್ಮೆ ಚುನಾವಣಾಧಿಕಾರಿಯ ಕಚೇರಿಯ ಸೂಚನಾ ಫಲಕದ ಮುಂದೆ ನಿಂತು ನನ್ನ ಕ್ಷೇತ್ರದ ಅಭ್ಯರ್ಥಿಯೊಬ್ಬರ ಪ್ರಮಾಣಪತ್ರವನ್ನು ಪೂರ್ತಿ ಓದಿದೆ. ಪತ್ನಿಯ ವೃತ್ತಿಯ ಜಾಗದಲ್ಲಿ 'ಗೃಹಿಣಿ' ಎಂದಿತ್ತು. ಎರಡು ಪುಟ ತಿರುವಿದರೆ ಅವರ ಹೆಸರಿನಲ್ಲಿ ಸಾಲುಸಾಲು ನಿವೇಶನಗಳು. ಅದರಲ್ಲಿ ಅಕ್ರಮವಿದೆಯೆಂದು ನಾನು ಹೇಳಲಾರೆ, ತವರಿನಿಂದಲೂ ಬಂದಿರಬಹುದು. ಆದರೆ ಪ್ರಚಾರಕ್ಕೆ ಮನೆ ಬಾಗಿಲಿಗೆ ಬಂದವರನ್ನು ಕೇಳಬೇಕಾದ ಪ್ರಶ್ನೆ ಅಲ್ಲಿತ್ತು. ಊರಿನಲ್ಲಿ ಅದರ ಬಗ್ಗೆ ಯಾರೂ ಮಾತನಾಡಲಿಲ್ಲ. ಅವರ ಮಗ ಕುಡಿಯುತ್ತಾನೆ ಎಂಬುದೇ ದೊಡ್ಡ ಸುದ್ದಿಯಾಗಿತ್ತು.

ಈ ನಮೂನೆಯಲ್ಲಿ ಒಂದು ದೊಡ್ಡ ಕೊರತೆಯೂ ಇದೆ. ಸ್ವಂತ ಆದಾಯವಿಲ್ಲದೆ ಅಭ್ಯರ್ಥಿಯನ್ನೇ ನೆಚ್ಚಿಕೊಂಡವರು ಮಾತ್ರ ಅವಲಂಬಿತರು. ಗುತ್ತಿಗೆದಾರನಾಗಿರುವ ಮಗ, ಕಲ್ಲುಕ್ವಾರಿ ನಡೆಸುವ ಅಳಿಯ, ಭೂವ್ಯವಹಾರ ಮಾಡುವ ತಮ್ಮ ಇವರಾರೂ ಅದರಲ್ಲಿ ಬರುವುದಿಲ್ಲ. ಅಧಿಕಾರದ ನೆರಳು ಬೀಳುವುದು ಹೆಚ್ಚಾಗಿ ಇವರ ಮೇಲೆಯೇ. ಆದ್ದರಿಂದ ಅಭ್ಯರ್ಥಿಗೂ ತಮ್ಮನಿಗೂ ಮಾತಿದೆಯೇ ಎಂದು ವಿಚಾರಿಸುವ ಬದಲು, ತಾಲ್ಲೂಕಿನ ರಸ್ತೆ ಕಾಮಗಾರಿ ಆ ತಮ್ಮನಿಗೆ ಹೋಗಿದೆಯೇ ಎಂದು ವಿಚಾರಿಸಿ.

2014ರಲ್ಲಿ ನರೇಂದ್ರ ಮೋದಿಯವರು ವಡೋದರಾದಲ್ಲಿ ನಾಮಪತ್ರ ಸಲ್ಲಿಸಿದಾಗ, ಹಿಂದಿನ ಚುನಾವಣೆಗಳಲ್ಲಿ ಖಾಲಿ ಬಿಟ್ಟಿದ್ದ ಪತ್ನಿಯ ಅಂಕಣವನ್ನು ತುಂಬಿದರು. ಪ್ರಮಾಣಪತ್ರದ ಅಂಕಣಗಳನ್ನು ಖಾಲಿ ಬಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್‌ನಲ್ಲಿ ಹೇಳಿತ್ತು. ಅಂಕಣ ತುಂಬಬೇಕೆಂದು ಕೇಳುವುದು ಮತದಾರನ ಹಕ್ಕಾಗಿತ್ತು. ಆ ದಂಪತಿ ಏಕೆ ಜೊತೆಯಲ್ಲಿ ಬಾಳಲಿಲ್ಲ ಎಂದು ಆ ಮಹಿಳೆಯ ಮನೆ ಬಾಗಿಲಿಗೆ ಹೋಗಿ ಕೆದಕುವ ಹಕ್ಕು ಯಾರಿಗೂ ಇರಲಿಲ್ಲ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಯ ಅಧ್ಯಕ್ಷೆ ಸಹಿಗೆ ಮಾತ್ರ ಬರುತ್ತಾರೆ, ಉಳಿದದ್ದೆಲ್ಲ ಅವರ ಪತಿಯದೇ ನಡೆಯುತ್ತದೆ. ಇದೂ ಅವರ ಮನೆಯ ವಿಚಾರವೆಂದು ಸುಮ್ಮನಿರಬೇಕೇ? (ಓದುಗರೊಬ್ಬರು, ಹಾವೇರಿ ಜಿಲ್ಲೆ)

ಉತ್ತರ: ಸುಮ್ಮನಿರಬಾರದು. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿರುವುದು ಅವರೇ ಕುಳಿತು ತೀರ್ಮಾನಿಸಲೆಂದು. ನೀವು ಆರಿಸದ ವ್ಯಕ್ತಿ ನಿಮ್ಮ ಪಂಚಾಯಿತಿಯ ಹಣದ ಬಗ್ಗೆ ತೀರ್ಮಾನಿಸುತ್ತಿದ್ದರೆ ಅದು ಊರಿನ ವಿಚಾರ. ಆದರೆ ಆ ದಂಪತಿಯ ಸಂಬಂಧದ ಬಗ್ಗೆ ಮಾತು ಬೇಡ. ಮುಂದಿನ ಗ್ರಾಮಸಭೆಯಲ್ಲಿ ನೀರಿನ ಬಗ್ಗೆಯೋ ಬೀದಿದೀಪದ ಬಗ್ಗೆಯೋ ಅಧ್ಯಕ್ಷೆಯವರನ್ನೇ ಉದ್ದೇಶಿಸಿ ಕೇಳಿ, ಅವರೇ ಉತ್ತರಿಸುವವರೆಗೆ ಕಾಯಿರಿ. ಮೊದಲ ಸಲ ಅವರು ಪತಿಯ ಮುಖ ನೋಡಬಹುದು. ಅದಕ್ಕಾಗಿ ಅವರನ್ನು ನಗಬೇಡಿ, ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಅವರಿಗೇ ಕೇಳಿ.