ಅಲಾರಂ ಕೂಗಿದರೂ ತಲೆ ಎತ್ತಿ ನೋಡುವುದಿಲ್ಲ, ನಾನು ಕೆಟ್ಟ ನರ್ಸಾ?

ಪ್ರಶ್ನೆ: ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ನಾಲ್ಕು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಮಾನಿಟರ್, ವೆಂಟಿಲೇಟರ್, ಸಿರಿಂಜ್ ಪಂಪ್ ಎಲ್ಲವೂ ರಾತ್ರಿಯಿಡೀ ಕೂಗುತ್ತಲೇ ಇರುತ್ತವೆ. ಈಗೀಗ ಪೇಷಂಟ್ ಕಡೆ ನೋಡದೆ ಸೈಲೆನ್ಸ್ ಒತ್ತಿಬಿಡುತ್ತೇನೆ. ಮೊನ್ನೆ ಒಬ್ಬರ ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ನಿಜವಾಗಿಯೇ ಇಳಿದಿತ್ತು, ಪಕ್ಕದ ಬೆಡ್‌ನ ಸಿಸ್ಟರ್ ನೋಡಿ ಓಡಿ ಬಂದರು. ಮನೆಗೆ ಹೋದರೆ ಕುಕ್ಕರ್ ಸೀಟಿಗೂ ಬೆಚ್ಚುತ್ತೇನೆ. ನನಗೆ ನಿರ್ಲಕ್ಷ್ಯ ಬಂದುಬಿಟ್ಟಿದೆಯಾ?
(ಹೆಸರು ಬೇಡ, ತೀರ್ಥಹಳ್ಳಿ)

ಉತ್ತರ: ಇಲ್ಲ ಸಿಸ್ಟರ್. ನಿರ್ಲಕ್ಷ್ಯ ಇರುವವರು ಕೂತು ಹೀಗೆ ಪತ್ರ ಬರೆಯುವುದಿಲ್ಲ.

ನಿಮ್ಮ ಕಡೆ ತೋಟದಲ್ಲಿ ಮಂಗ ಓಡಿಸಲು ಪಟಾಕಿ ಹೊಡೆಯುತ್ತಾರಲ್ಲ, ಮೊದಲ ದಿನ ಹಿಂಡೇ ಓಡುತ್ತದೆ, ವಾರ ಕಳೆದ ಮೇಲೆ ಅಲ್ಲೇ ಕೂತು ಬಾಳೆಹಣ್ಣು ಸುಲಿಯುತ್ತಿರುತ್ತದೆ. ನಮ್ಮನ್ನು ಮಂಗಕ್ಕೆ ಹೋಲಿಸಿದೆ ಅಂತ ಬೇಜಾರಾಗಬೇಡಿ. ಸುಮ್ಮಸುಮ್ಮನೆ ಆಗುವ ಸದ್ದನ್ನು ಮಿದುಳು ಬದಿಗಿಡುತ್ತದೆ, ಅದು ಇರುವುದೇ ಹಾಗೆ. ಇದನ್ನೇ ಅಲಾರಂ ಫಟೀಗ್, ಅಂದರೆ ಅಲಾರಂ ಕೇಳಿ ಕೇಳಿ ಬರುವ ದಣಿವು, ಅನ್ನುವುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಆಸ್ಪತ್ರೆಯವರು 31 ದಿನ ಐಸಿಯು ಮಾನಿಟರ್‌ಗಳ ಅಲಾರಂ ಎಣಿಸಿ 2014ರಲ್ಲಿ ಲೆಕ್ಕ ಕೊಟ್ಟರು: 461 ಪೇಷಂಟ್‌ಗಳಿಗೆ 25 ಲಕ್ಷಕ್ಕೂ ಜಾಸ್ತಿ, ಅದರಲ್ಲಿ ಸದ್ದು ಮಾಡಿದ್ದು ಒಂದು ಬೆಡ್‌ಗೆ ದಿನಕ್ಕೆ 187. ಎದೆಬಡಿತ ತಪ್ಪಿದೆ ಅಂತ ಕೂಗಿದವುಗಳನ್ನು ಪರೀಕ್ಷೆ ಮಾಡಿದರೆ ನೂರಕ್ಕೆ 88ಕ್ಕೂ ಹೆಚ್ಚು ಸುಳ್ಳು. ಇಷ್ಟು ಸುಳ್ಳು ಹೇಳುವವರನ್ನು ಯಾರು ನಂಬುತ್ತಾರೆ, ಹೇಳಿ?

ನನಗೂ ಆಗಿದೆ. ಕೀಟನಾಶಕ ಕುಡಿದು ಬಂದಿದ್ದ ಹುಡುಗ, ಆ ವಿಷಕ್ಕೆ ಕೊಡುವ ಅಟ್ರೋಪಿನ್ ಔಷಧ ಹೋಗುತ್ತಿತ್ತು. ಅಟ್ರೋಪಿನ್ ಕೊಟ್ಟರೆ ಹಾರ್ಟ್ ರೇಟ್ ಏರಿಯೇ ಏರುತ್ತದೆ, ಅವನದು 130ರ ಆಸುಪಾಸು. ಮಾನಿಟರ್ ಲಿಮಿಟ್ (ಯಾವ ಅಂಕಿ ದಾಟಿದರೆ ಕೂಗಬೇಕು ಅನ್ನುವ ಗಡಿ) ಮಾತ್ರ 120ರಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಸಂಜೆಯಿಂದ ಒತ್ತಿ ಒತ್ತಿ ಬೆರಳು ಸೋತಿತ್ತು. ಬೆಳಗಿನ ಜಾವ ವೆಂಟಿಲೇಟರ್ ಕೂಗಿದ್ದು ಅದೇ ಗದ್ದಲದಲ್ಲಿ ಸೇರಿಹೋಯಿತು. ನೆಲ ಒರೆಸುತ್ತಿದ್ದ ಆಯಾ "ಅಕ್ಕಾ, ಪೈಪ್ ಬಿಚ್ಚಿದೆ" ಅಂದಾಗಲೇ ನಾನು ತಿರುಗಿದ್ದು. ಹುಡುಗ ಉಳಿದ. ಆಮೇಲೆ ಡಾಕ್ಟರನ್ನು ಕೇಳಿ ಲಿಮಿಟ್ ಬದಲಿಸಲು ಬೇಕಾಗಿದ್ದು ಒಂದು ನಿಮಿಷ.

ಅದಕ್ಕೇ ನನ್ನ ಮೊದಲ ಮಾತು: ಹಿಂದಿನ ಶಿಫ್ಟ್‌ನವರಿಂದ ಹ್ಯಾಂಡೋವರ್ ತೆಗೆದುಕೊಳ್ಳುವಾಗಲೇ ಲಿಮಿಟ್ ನೋಡಿ. ಬೀಡಿ ಸೇದಿ ಶ್ವಾಸಕೋಶ ಕೆಟ್ಟ ಅಜ್ಜನಿಗೆ ಡಾಕ್ಟರ್ ಸ್ಯಾಚುರೇಷನ್ 88ರಿಂದ 92 ಸಾಕು ಅಂದಿರುತ್ತಾರೆ, ಮಾನಿಟರ್ ಮಾತ್ರ 90ಕ್ಕೇ ಕೂಗುತ್ತಿರುತ್ತದೆ. ಡಾಕ್ಟರ್ ಹತ್ತಿರ ಕೇಳಿ, ಬದಲಿಸಿ, ಚಾರ್ಟ್‌ನಲ್ಲಿ ಬರೆಯಿರಿ.

ಎರಡನೆಯದು ಎದೆಗೆ ಅಂಟಿಸುವ ಎಲೆಕ್ಟ್ರೋಡ್. ನಮ್ಮ ಜನ ಎದೆಗೆ ವಿಕ್ಸ್ ತಿಕ್ಕಿಕೊಂಡೋ ಕೊಬ್ಬರಿ ಎಣ್ಣೆ ಹಚ್ಚಿಕೊಂಡೋ ಬಂದಿರುತ್ತಾರೆ, ಅದರ ಮೇಲೇ ಅಂಟಿಸಿದರೆ ಇಸಿಜಿ ಕುಣಿಯದೆ ಇನ್ನೇನು ಮಾಡುತ್ತದೆ? ಸೋಪು ನೀರಿನಲ್ಲಿ ಒರೆಸಿ, ಒಣ ಗಾಜ್ ಬಟ್ಟೆಯಲ್ಲಿ ಸ್ವಲ್ಪ ಉಜ್ಜಿ, ಆಮೇಲೆ ಅಂಟಿಸಿ. ಸ್ಪಿರಿಟ್ ಬೇಡ, ಚರ್ಮ ಒಣಗುತ್ತದೆ. ಪ್ಯಾಕೆಟ್ ಒಡೆದು ಟ್ರೇಯಲ್ಲಿ ಹಾಗೇ ಬಿಟ್ಟರೆ ಜೆಲ್ ಒಣಗುತ್ತದೆ. ದಿನಾ ಬದಲಿಸಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಎರಡು ವಾರ್ಡ್‌ಗಳಲ್ಲಿ ದಿನಾ ಎಲೆಕ್ಟ್ರೋಡ್ ಬದಲಿಸಿ ನೋಡಿದಾಗ ಅಲಾರಂ ಹೆಚ್ಚೂ ಕಡಿಮೆ ಅರ್ಧಕ್ಕೆ ಇಳಿದಿತ್ತು. ಖರ್ಚಾಗುತ್ತದೆ ಅಂತ ಸ್ಟೋರ್‌ನವರು ಗೊಣಗಬಹುದು, ಗೊಣಗಲಿ.

ಸ್ಯಾಚುರೇಷನ್ ಅಳೆಯುವ ಬೆರಳಿನ ಪ್ರೋಬ್ ಇರುವ ಕೈಗೇ ಬಿಪಿ ಪಟ್ಟಿ (ಕಫ್) ಕಟ್ಟಿದ್ದೀರಾ ನೋಡಿ. ಕಫ್ ಬಿಗಿದಾಗಲೆಲ್ಲ ರಕ್ತ ನಿಂತು ಸ್ಯಾಚುರೇಷನ್ ಅಲಾರಂ ಬರುತ್ತದೆ, ನಾವು ಯಂತ್ರವನ್ನು ಬೈಯುತ್ತೇವೆ. ಆಷಾಢದ ಮಳೆಯಲ್ಲಿ ಬೆರಳು ತಣ್ಣಗಾಗಿದ್ದರೂ ಇದೇ ಕತೆ. ಕೈ ಬೆಚ್ಚಗೆ ಹೊದಿಸಿ, ಬೆರಳು ಬದಲಿಸಿ. ವೆಂಟಿಲೇಟರ್ ಟ್ಯೂಬಿನಲ್ಲಿ ನೀರು ನಿಂತಿದ್ದರೆ ಪೇಷಂಟ್ ಕಡೆಗೆ ಹೋಗದ ಹಾಗೆ ನೀರು ಹಿಡಿಯುವ ವಾಟರ್ ಟ್ರ್ಯಾಪಿಗೆ ಇಳಿಸಿ. ಕರೆಂಟ್ ಹೋಗಿ ಬಂದ ಮೇಲೆ ಪಂಪ್‌ಗಳು ಚಾರ್ಜ್ ಆಗುತ್ತಿವೆಯಾ ನೋಡಿ, ಇಲ್ಲದಿದ್ದರೆ ಬ್ಯಾಟರಿ ಮುಗಿಯಿತು ಅಂತ ನಡುರಾತ್ರಿ ಒಂದೊಂದೇ ಶುರುಮಾಡುತ್ತವೆ. ಸಕ್ಷನ್ ಮಾಡುವಾಗ (ಕಫ ಹೀರಿ ತೆಗೆಯುವಾಗ), ಸ್ಪಂಜ್ ಬಾತ್ ಕೊಡುವಾಗ ನೀವು ಬೆಡ್ ಪಕ್ಕದಲ್ಲೇ ಇರುತ್ತೀರಿ, ಆಗ ಅಲಾರಂ ತಾತ್ಕಾಲಿಕವಾಗಿ ನಿಲ್ಲಿಸಿಕೊಂಡರೆ ತಪ್ಪಿಲ್ಲ, ಸ್ವಲ್ಪ ಹೊತ್ತಿಗೆ ತಾನೇ ವಾಪಸ್ ಬರುತ್ತದೆ.

ಆದರೆ ಸಿಸ್ಟರ್, ಪೂರ್ತಿ ಆಫ್ ಮಾಡುವುದು, ಕೇಳಿಸದಷ್ಟು ವಾಲ್ಯೂಮ್ ಇಳಿಸುವುದು ಬೇಡವೇ ಬೇಡ. ಹೃದಯ ನಿಂತದ್ದು, ಉಸಿರು ನಿಂತದ್ದು ಹೇಳುವ ಅಲಾರಂಗಳನ್ನಂತೂ ಮುಟ್ಟಲೇಬಾರದು. ಮತ್ತೆ ಸೈಲೆನ್ಸ್ ಒತ್ತುವ ಮೊದಲು ಪೇಷಂಟ್ ಮುಖ ನೋಡುವುದು, ಎದೆ ಏರಿಳಿಯುತ್ತಿದೆಯಾ ನೋಡುವುದು. ಎರಡು ಸೆಕೆಂಡ್ ಅಷ್ಟೇ.

ಇಷ್ಟು ಮಾಡಿದರೂ ಒಬ್ಬರೇ ನಾಲ್ಕು ಬೆಡ್ ನೋಡುತ್ತಿದ್ದರೆ ಪೂರ್ತಿ ಸರಿಹೋಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಒಂದು ವಾರ ಹಾಳೆಯ ಮೇಲೆ ಗೆರೆ ಎಳೆಯುತ್ತಾ ಹೋಗಿ: ಯಾವ ಬೆಡ್, ಯಾವ ಅಲಾರಂ, ನಿಜವಾ ಸುಳ್ಳಾ. ಅದನ್ನು ಇನ್‌ಚಾರ್ಜ್ ಸಿಸ್ಟರ್‌ಗೂ ಬಯೋಮೆಡಿಕಲ್ ಎಂಜಿನಿಯರ್‌ಗೂ ತೋರಿಸಿ. "ತುಂಬಾ ಕೂಗುತ್ತೆ ಮೇಡಂ" ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಹಾಳೆ ತುಂಬ ಗೆರೆ ಕಂಡರೆ ನೋಡುತ್ತಾರೆ. ಮೊನ್ನೆ ಆಗಿದ್ದನ್ನೂ ಮುಚ್ಚಿಡದೆ ಅವರಿಗೆ ಹೇಳಿ. ನಾಳೆ ಇನ್ನೊಬ್ಬರಿಗೆ ಆಗುವುದು ತಪ್ಪುತ್ತದೆ.

ಬೆಚ್ಚಿ ಬೀಳುವುದು, ನಿದ್ದೆ ಬಾರದಿರುವುದು ರಜೆಯಲ್ಲೂ ಬಿಡದಿದ್ದರೆ ಡಾಕ್ಟರ ಹತ್ತಿರ ಮಾತಾಡಿ, ಸಂಕೋಚ ಬೇಡ. ಅಲ್ಲಿಯವರೆಗೆ, ನೈಟ್ ಡ್ಯೂಟಿ ಮುಗಿಸಿ ಬಂದ ದಿನ ಕುಕ್ಕರ್ ಇಡಬೇಡಿ, ಪಾತ್ರೆಯಲ್ಲಿ ಅನ್ನ ಬಸಿಯಿರಿ ಅಂತ ಮನೆಯಲ್ಲಿ ಹೇಳಿ.